ಆಯ್ದುಕೊಳ್ಳುವವರ ಋಣ

ಒಳ್ಳೆಯದು ಎಲ್ಲಿದ್ದರೂ ತೆಗೆದುಕೊಳ್ಳಬೇಕು ಎಂಬುದನ್ನು ನಾವೆಲ್ಲ ಒಪ್ಪುತ್ತೇವೆ. ಯಾರಿಂದ ತೆಗೆದುಕೊಂಡಿರಿ, ಅದು ಹುಸಿಯೆಂದು ಗೊತ್ತಾದಾಗ ಬಿಟ್ಟಿರಾ ಎಂದು ಕೇಳಿದರೆ ಮಾತ್ರ ನಮಗೆ ಕಷ್ಟವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ತಮ್ಮನ್ನು 'ಎಕ್ಲೆಕ್ಟಿಕ್' ಎಂದು ಕರೆದುಕೊಂಡ ವೈದ್ಯರ ಪಂಥವೊಂದಿತ್ತು. ಆಯ್ದುಕೊಳ್ಳುವವರು ಎಂದು ಅದರರ್ಥ. ಉರ್ದುವಿನ 'ಇಂತಿಖಾಬ್' ಅದಕ್ಕೆ ಹತ್ತಿರದ ಮಾತು.

ಆಗಿನ ಪದವೀಧರ ವೈದ್ಯರು ಜ್ವರಕ್ಕೆ ರಕ್ತ ಹರಿಸುತ್ತಿದ್ದರು. ಪಾದರಸದ ಕ್ಯಾಲೊಮೆಲನ್ನು ರೋಗಿಯ ಜೊಲ್ಲು ಸುರಿಯುವಷ್ಟು ಕೊಡುತ್ತಿದ್ದರು, ಕೆಲವರ ಹಲ್ಲುಗಳೂ ಉದುರುತ್ತಿದ್ದವು. ಇದಕ್ಕೆದುರಾಗಿ ಸ್ಯಾಮುಯೆಲ್ ಥಾಮ್ಸನ್ ಎಂಬ ರೈತ ಲೊಬೇಲಿಯಾ ಗಿಡದಿಂದ ವಾಂತಿ ಮಾಡಿಸಿ ಚಿಕಿತ್ಸೆ ನೀಡತೊಡಗಿದ. 1809ರಲ್ಲಿ ಅವನ ಮೇಲೆ ಕೊಲೆಯ ಆರೋಪವೂ ಬಂತು, ಖುಲಾಸೆಯಾಯಿತು. 1813ರಲ್ಲಿ ಅವನು ತನ್ನ ಪದ್ಧತಿಗೆ ಪೇಟೆಂಟ್ ಪಡೆದು, ಕುಟುಂಬಕ್ಕೆ 20 ಡಾಲರಿನಂತೆ ಹಕ್ಕು ಮಾರಿದ. ಕಾಡಿನ ಸೊಪ್ಪಿಗೂ ಬೇಲಿ ಬಿತ್ತು!

ನ್ಯೂಯಾರ್ಕಿನ ವೂಸ್ಟರ್ ಬೀಚ್ ಬೇರೆ ದಾರಿ ಹಿಡಿದ. ಓದಿದ ವೈದ್ಯನಾಗಿದ್ದೂ ಗಿಡಮೂಲಿಕೆಯವರಿಂದ ಕಲಿತು, 1833ರಲ್ಲಿ ಮೂರು ಸಂಪುಟಗಳ ಗ್ರಂಥ ಹೊರತಂದ. 1845ರಲ್ಲಿ ಸಿನ್ಸಿನಾಟಿಯಲ್ಲಿ ಈ ಪಂಥದ ವೈದ್ಯಕಾಲೇಜು ಮಾನ್ಯತೆ ಪಡೆಯಿತು. ಅಲ್ಲಿನ ಜಾನ್ ಕಿಂಗ್ ಬರೆದ ಔಷಧಕೋಶವನ್ನು 1898ರಲ್ಲಿ ಫೆಲ್ಟರ್ ಮತ್ತು ಜಾನ್ ಯೂರಿ ಲಾಯ್ಡ್ ಹೊಸದಾಗಿ ತಿದ್ದಿ ಬೆಳೆಸತೊಡಗಿದರು. ಗಿಡದ ರೂಪ, ರಸಾಯನ, ಯಾವ ಲಕ್ಷಣಕ್ಕೆ ಎಷ್ಟು ಹನಿ, ಎಲ್ಲವೂ ಅದರಲ್ಲಿದೆ. (ಲಾಯ್ಡ್ ಕಾದಂಬರಿಕಾರನೂ ಹೌದು, ನಮ್ಮಂಥ ಕತೆಗಾರರಿಗೆ ಅಷ್ಟು ಸಮಾಧಾನ.) ಸ್ಕಡರ್ ಎಂಬವನು ರೋಗದ ಹೆಸರಿಗೆ ಮದ್ದು ಕೊಡಬೇಡಿ, ನಾಲಿಗೆಯ ಬಣ್ಣ, ನಾಡಿಯ ಬಡಿತ ನೋಡಿ ಕೊಡಿ ಎಂದು ಬೋಧಿಸಿದ.

ಆದರೆ ಆ ಗಿಡಗಳನ್ನು ಮೊದಲು ಅರಿತವರಾರು? ಮೇ ಆಪಲ್, ಬ್ಲ್ಯಾಕ್ ಕೊಹೋಶ್, ಗೋಲ್ಡನ್‌ಸೀಲ್, ಎಕಿನೇಶಿಯಾ ಎಲ್ಲವೂ ಆ ನೆಲದ ಮೂಲನಿವಾಸಿಗಳ ಮದ್ದುಗಳೇ. ಗಿಡದ ಗುಣ ಪುಸ್ತಕಕ್ಕೆ ಏರುತ್ತಿದ್ದ ದಿನಗಳಲ್ಲೇ, 1830ರ ಕಾನೂನಿನನ್ವಯ, ಚೆರೋಕೀ ಮೊದಲಾದ ಬುಡಕಟ್ಟುಗಳನ್ನು ಮಿಸ್ಸಿಸಿಪ್ಪಿಯಾಚೆಗೆ ಅಟ್ಟಲಾಯಿತು. ಕಲಿಸಿದವರ ಹೆಸರು 'ಇಂಡಿಯನ್ನರು ಬಳಸುತ್ತಿದ್ದರು' ಎಂಬ ಒಂದು ಸಾಲಾಗಿ ಉಳಿಯಿತು. ಈ ವೈದ್ಯರು ಕಳ್ಳರೆಂದು ನಾವು ಹೇಳುವುದಿಲ್ಲ. ಆದರೆ ಮದ್ದನ್ನು ಆಯ್ದುಕೊಂಡು ಮನುಷ್ಯನನ್ನು ಬಿಡುವುದೂ ಒಂದು ಆಯ್ಕೆಯೇ ತಾನೆ?

ಬಿಡುವ ವಿಷಯದಲ್ಲಿ ಕಿಂಗ್‌ನ ಬಗ್ಗೆ ನಮಗೆ ಗೌರವವಿದೆ. ಮೇ ಆಪಲ್ ಬೇರಿನಿಂದ ಪೊಡೊಫಿಲಿನ್ ಎಂಬ ರಾಳವನ್ನು ತೆಗೆದು ಪ್ರಚಾರಕ್ಕೆ ತಂದವನು ಅವನೇ. ಅದು ಗೆದ್ದದ್ದೇ ತಡ, 1850ರ ದಶಕದಲ್ಲಿ ವ್ಯಾಪಾರಿಗಳು ಕಂಡ ಕಂಡ ಗಿಡದಿಂದ ಪುಡಿ ಮಾಡಿ, ಕಲಬೆರಕೆ ಬೆರೆಸಿ, ಅಂಥದೇ ಹೆಸರಿಟ್ಟು ಮಾರಿದರು. ಇದು ಮೋಸವೆಂದು ಕಿಂಗ್ ಬಹಿರಂಗವಾಗಿ ಬರೆದ. ತನ್ನ ಪಂಥದ ಮಾನ ಹೋಗುತ್ತದೆಂದು ಸುಮ್ಮನಿರಲಿಲ್ಲ. ಸ್ವಂತ ಮನೆಯ ಹುಳುಕನ್ನು ಹೀಗೆ ಹೇಳುವವರು ಯಾವ ಪಂಥದಲ್ಲೂ ವಿರಳ.

1910ರ ಫ್ಲೆಕ್ಸ್‌ನರ್ ವರದಿ ಪ್ರಯೋಗಾಲಯವಿಲ್ಲದ ಕಾಲೇಜುಗಳನ್ನು ಜಾಡಿಸಿತು. ಸಿನ್ಸಿನಾಟಿಯ ಕಾಲೇಜು 1939ರವರೆಗೆ ಉಸಿರು ಹಿಡಿದಿತ್ತು. ಅವರ ಮದ್ದುಗಳಲ್ಲಿ ಹಲವು ಇಂದಿನ ಪರೀಕ್ಷೆಗೆ ನಿಲ್ಲುವುದಿಲ್ಲ. ಲೊಬೇಲಿಯಾ ಹೆಚ್ಚಾದರೆ ವಿಷ. ಮೇ ಆಪಲ್ ಮಾತ್ರ ಇನ್ನೊಂದು ಬಾಗಿಲಿನಿಂದ ಬಂತು. ಅದರ ಸತ್ವದಿಂದ ರೂಪಿಸಿದ ಎಟೊಪೊಸೈಡ್ ಎಂಬ ಕ್ಯಾನ್ಸರ್ ಮದ್ದಿಗೆ 1983ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆ ಸತ್ವಕ್ಕಾಗಿ ನಮ್ಮ ಹಿಮಾಲಯದ ಅದೇ ಜಾತಿಯ ಗಿಡವನ್ನು ಬೇರುಸಹಿತ ಕಿತ್ತು ಕಿತ್ತು, ಈಗ ಅದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಹಾಕಲಾಗಿದೆ.