ಇಲ್ಲದಾಗ ಮಾತ್ರ ಕೇಳಿಸುವ ದನಿ

ಕೆಲವು ಕೆಲಸಗಳು ನಡೆಯುತ್ತಿರುವಷ್ಟು ಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಂತ ಕ್ಷಣ ಎಲ್ಲರಿಗೂ ಕಾಣುತ್ತವೆ. ಊರಿನ ನೀರುಗಂಟಿ ನಸುಕಿನಲ್ಲಿ ಎದ್ದು ವಾಲ್ವ್ ತಿರುಗಿಸುವುದನ್ನು ನಾವು ನೋಡಿರುವುದಿಲ್ಲ. ಒಂದು ದಿನ ನಲ್ಲಿಯಲ್ಲಿ ನೀರು ಬಾರದಿದ್ದರೆ ಮಾತ್ರ ಅವನು ಎಲ್ಲಿ ಹೋದ ಎಂದು ಕೇಳುತ್ತೇವೆ. ಬೀದಿ ಗುಡಿಸುವವರು, ಹಾಸ್ಟೆಲಿನ ಅಡುಗೆಯವರು, ಮನೆಯಲ್ಲಿ ಅಮ್ಮ, ಹೀಗೆ ಪಟ್ಟಿ ಉದ್ದವಾಗುತ್ತದೆ. ಇಂಥ ಕೆಲಸ ಮಾಡುವವರು ‘ನನ್ನನ್ನೂ ಗಮನಿಸಿ’ ಎಂದು ಬಯಸುವುದು ಸರಿಯೇ? ಅಥವಾ ಆ ಬಯಕೆಯನ್ನು ಬಿಡುವುದೇ ಈ ಕೆಲಸದ ಧರ್ಮವೇ?

ನೀರುಗಂಟಿಯ ಪಾಲಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ನನ್ನ ಪಾಲಿಗೆ ಅಷ್ಟು ಭಾರದ್ದಲ್ಲ. ಪಿಎಚ್‌ಡಿ ಓದಿನ ನಡುವೆ ಬಿಡುವಾದಾಗ ಹಾಸನ ಸೀಮೆಯ ಒಂದು ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ, ಅಷ್ಟೆ. ಆದರೆ ದೊಡ್ಡ ಪ್ರಶ್ನೆಯೊಂದನ್ನು ಚಿಕ್ಕ ಜಾಗದಲ್ಲಿಟ್ಟು ನೋಡುವುದರಲ್ಲಿ ಒಂದು ಅನುಕೂಲವಿದೆ. ಇಲ್ಲಿ ಎಲ್ಲವೂ ಕೈಗೆ ಸಿಗುವಷ್ಟು ಹತ್ತಿರವಿರುತ್ತದೆ.

ನಮ್ಮ ತಂಡದಲ್ಲಿ ಯಾರೂ ಸಂಗೀತದಿಂದ ಬದುಕುವವರಲ್ಲ. ಡ್ರಮ್ಸ್ ನುಡಿಸುವ ಅಣ್ಣನಿಗೆ ಹಾಸನದಲ್ಲಿ ಮೊಬೈಲ್ ರಿಪೇರಿ ಅಂಗಡಿ, ಕೀಬೋರ್ಡಿನವರು ಶಾಲೆಯ ಮೇಷ್ಟ್ರು. ಗಣಪತಿ ಹಬ್ಬದಿಂದ ಶುರುವಾಗಿ ನವೆಂಬರಿನ ರಾಜ್ಯೋತ್ಸವದ ತನಕ ನಮ್ಮ ಸುಗ್ಗಿ. ಆಮೇಲೆ ಊರಹಬ್ಬ, ಜಾತ್ರೆ, ಮದುವೆ ರಿಸೆಪ್ಷನ್. ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಯಾವುದೂ ಬಹಳ ದೂರವಲ್ಲ. ಆದರೆ ರಾತ್ರಿ ಹನ್ನೆರಡಕ್ಕೆ ಕಾರ್ಯಕ್ರಮ ಮುಗಿಸಿ, ಡ್ರಮ್ಸ್ ಬಿಚ್ಚಿ, ವೈರು ಸುತ್ತಿ, ಗೂಡ್ಸ್ ಆಟೋ ಹತ್ತಿದರೆ ಅದೇ ದಾರಿ ಎರಡರಷ್ಟಾಗುತ್ತದೆ.

ವೇದಿಕೆಯಲ್ಲಿ ನನ್ನ ಜಾಗ ಬಹುತೇಕ ಸ್ಪೀಕರ್ ಪೆಟ್ಟಿಗೆಯ ಹಿಂದೆ. ಕಾರ್ಯಕ್ರಮಕ್ಕೆ ಮೊದಲು ಯಾರಾದರೊಬ್ಬರು ಹತ್ತಿರ ಬಂದು, ‘ಏನ್ ಸಾ, ನಾಲ್ಕೇ ತಂತಿ ಐತೆ? ಇನ್ನೆರಡು ಕಿತ್ತೋಯ್ತಾ?’ ಎಂದು ಕೇಳುತ್ತಾರೆ. ನಾಲ್ಕೇ ಇರುವುದು ಎಂದರೆ ನಂಬುವುದಿಲ್ಲ. ಇನ್ನು ಹಳ್ಳಿಯ ಕರೆಂಟಿಗೆ ಅರ್ತಿಂಗ್ ಸರಿ ಇಲ್ಲದಿದ್ದರೆ ಮೈಕ್‌ಸೆಟ್ಟಿನಿಂದ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ನಮ್ಮ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಬೇಸ್ ಗಿಟಾರಿನ ಕೆಳಗಿನ ‘ಜಿ’ ಸ್ವರದ ಕಂಪನ ಸೆಕೆಂಡಿಗೆ 49. ಹಾಗಾಗಿ ಕೆಲವು ಊರುಗಳಲ್ಲಿ ನಾನು ಕೈ ಹಚ್ಚುವ ಮೊದಲೇ ಟ್ರಾನ್ಸ್‌ಫಾರ್ಮರು ನನ್ನ ಸ್ವರವನ್ನು, ಸ್ವಲ್ಪ ಅಪಸ್ವರವಾಗಿ, ಹಿಡಿದಿರುತ್ತದೆ.

ಈ ವಾದ್ಯದ ಹುಟ್ಟಿನಲ್ಲೇ ಒಂದು ತಮಾಷೆಯಿದೆ. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುವುದು ಕಷ್ಟ, ಜೋರಿನ ವಾದ್ಯಗಳ ನಡುವೆ ಅದು ಕೇಳಿಸುವುದೂ ಇಲ್ಲ ಎಂಬ ಕಾರಣಕ್ಕೆ ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದ. ಕೇಳಿಸಲೆಂದೇ ಮಾಡಿದ ವಾದ್ಯವಿದು. ಎಪ್ಪತ್ತು ವರ್ಷ ದಾಟಿದರೂ ಜನರಿಗೆ ಅದು ಕೇಳಿಸಿದೆ ಎಂಬುದು ಗೊತ್ತಾಗುವುದಿಲ್ಲ.

ಕೇಳಿಸಿಯೂ ಗೊತ್ತಾಗದಿರುವುದು ಹೇಗೆ? ಬೇಸಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗಿನ ಕಂಪನವನ್ನು ಹೊರಡಿಸಲಾರದು. ಹಾಗಿದ್ದೂ ಆ ಸ್ವರದ ಮೇಲಿನ ಅಂಶಗಳು ಕಿವಿಗೆ ಬಿದ್ದರೆ ಸಾಕು, ಇಲ್ಲದ ಕೆಳಸ್ವರವನ್ನು ಮಿದುಳೇ ತುಂಬಿಕೊಳ್ಳುತ್ತದೆ. ಧ್ವನಿವಿಜ್ಞಾನದಲ್ಲಿ ಇದಕ್ಕೆ ‘ಮಿಸ್ಸಿಂಗ್ ಫಂಡಮೆಂಟಲ್’ ಎನ್ನುತ್ತಾರೆ. ಇನ್ನೊಂದು ಸಂಗತಿ. ಕೀಬೋರ್ಡಿನವರು ಸಿ, ಇ, ಜಿ ಎಂಬ ಮೂರು ಸ್ವರಗಳನ್ನು ಒಟ್ಟಿಗೆ ಹಿಡಿದಿದ್ದಾರೆ ಎಂದುಕೊಳ್ಳಿ. ಕೆಳಗೆ ನಾನು ಸಿ ನುಡಿಸಿದರೆ ಅದು ನೆಮ್ಮದಿಯ ಮೇಜರ್ ಕಾರ್ಡ್. ಮೇಲಿನವರು ಬೆರಳು ಅಲುಗಿಸದೆ ಇದ್ದು, ನಾನೊಬ್ಬ ಕೆಳಗೆ ಇಳಿದು ಎ ನುಡಿಸಿದರೆ ಅದೇ ಮೂರು ಸ್ವರಗಳ ಮೇಲೆ ಮೋಡ ಕವಿಯುತ್ತದೆ; ಅದು ಮೈನರ್ ಆಗುತ್ತದೆ. ‘ಗೀತಾ’, ‘ಪಲ್ಲವಿ ಅನುಪಲ್ಲವಿ’ ಚಿತ್ರಗಳಲ್ಲಿ ಇಳಯರಾಜಾ ಅವರು ಬೇಸಿಗೆ ಕೊಟ್ಟ ಓಡಾಟವನ್ನು ಹೆಡ್‌ಫೋನಿನಲ್ಲಿ ಕೇಳಿದರೆ ಇದು ತಿಳಿಯುತ್ತದೆ. ನಾವು ಗುನುಗುವುದು ಮೇಲಿನ ರಾಗವನ್ನು. ಎದೆ ತುಂಬಿ ಬಂದದ್ದಕ್ಕೆ ಕೆಳಗಿನ ನಡೆಯೂ ಕಾರಣವಾಗಿರುತ್ತದೆ.

ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯ ಗಣಪತಿ ಪೆಂಡಾಲಿನಲ್ಲಿ ಒಮ್ಮೆ ಗಾಯಕಿ ನಡುವಿನ ವಾದ್ಯಸಂಗೀತ ಮುಗಿಯುವ ಮೊದಲೇ ಚರಣ ಎತ್ತಿಕೊಂಡಳು. ಕೀಬೋರ್ಡಿನವರ ಕೈ ಇನ್ನೂ ಹಳೆಯ ದಾರಿಯಲ್ಲೇ ಓಡುತ್ತಿತ್ತು. ನಾನು ಅವಳ ಸ್ವರ ಹಿಡಿದು ಚರಣಕ್ಕೆ ಜಿಗಿದೆ, ನನ್ನನ್ನು ಹಿಡಿದು ಡ್ರಮ್ಸಿನ ಅಣ್ಣ ಬಂದರು, ಇಬ್ಬರನ್ನೂ ಹಿಡಿದು ಉಳಿದವರು ಬಂದರು. ಎಲ್ಲ ಸೇರಿ ಎರಡು ಸೆಕೆಂಡು ಆಗಿರಬಹುದು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತವರಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾಗದಿದ್ದುದೇ ಆ ಎರಡು ಸೆಕೆಂಡಿನ ಗೆಲುವು. ಅಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆ ರಾತ್ರಿ ನನಗೆ ಅಷ್ಟು ಸಾಕಾಗಿತ್ತು.

ಎಲ್ಲ ರಾತ್ರಿಯೂ ಹಾಗೆ ಸಾಕಾಗುವುದಿಲ್ಲ. ಹೊಳೆನರಸೀಪುರದ ಹತ್ತಿರದ ಊರೊಂದರಲ್ಲಿ ಕಾರ್ಯಕ್ರಮ ಮಾತಾಡುವಾಗ ವ್ಯವಸ್ಥಾಪಕರು ದುಡ್ಡು ಕಡಿಮೆ ಮಾಡಲು ತಲೆ ಎಣಿಸತೊಡಗಿದರು. ಬೆರಳು ನನ್ನ ಬಳಿ ಬಂದು ನಿಂತಿತು. ‘ಕೀಬೋರ್ಡಲ್ಲೇ ಎಲ್ಲಾ ಬತ್ತದಲ್ಲಪ್ಪ, ಇದ್ಕೊಬ್ರು ಯಾಕೆ ಬೇಕು?’ ಅವರ ಮಾತು ಪೂರ್ತಿ ಸುಳ್ಳಲ್ಲ. ಕೀಬೋರ್ಡಿನ ಎಡಗೈಯಲ್ಲಿ ಬೇಸ್ ನುಡಿಸಬಹುದು. ಈಗಂತೂ ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ ಹಾಕಿಕೊಂಡು ಇಡೀ ಆರ್ಕೆಸ್ಟ್ರಾವನ್ನೇ ಮನೆಗೆ ಕಳಿಸಬಹುದು. ಆ ಕಾರ್ಯಕ್ರಮಕ್ಕೆ ನಾನು ಹೋಗಲಿಲ್ಲ. ಬೇಸರದಲ್ಲಿದ್ದ ನನಗೆ ಸ್ನೇಹಿತನೊಬ್ಬ ಸಮಾಧಾನ ಹೇಳಿದ: ‘ಎಲೆಮರೆಯ ಕಾಯಿ ಆಗಿರೋದೇ ದೊಡ್ಡದು ಕಣೋ. ಡಿವಿಜಿ ವನಸುಮ ಓದಿಲ್ವಾ?’

ಓದಿದ್ದೇನೆ. ಕನ್ನಡ ಶಾಲೆಯಲ್ಲಿ ಕಲಿತವರಲ್ಲಿ ಅದನ್ನು ಹಾಡದವರು ಕಡಿಮೆ. ಕಾಡಿನ ಹೂವಿನಂತೆ, ಹೊಗಳಿಕೆಯ ಹಂಗಿಲ್ಲದೆ ಅರಳಿ ಪರಿಮಳ ಬೀರುವ ಬಾಳು ಬೇಕೆಂಬ ಆ ಬಯಕೆ ಎಂದಿಗೂ ದೊಡ್ಡದೇ. ಆದರೆ ಸ್ನೇಹಿತನ ಮಾತು ಕೇಳಿದ ಮೇಲೆ ಅದರ ವ್ಯಾಕರಣದ ಕಡೆ ನನ್ನ ಗಮನ ಹೋಯಿತು. ಅದು ಪ್ರಾರ್ಥನೆ. ಒಬ್ಬನು ತನ್ನ ಮನಸ್ಸನ್ನು ಹೀಗೆ ಹದಗೊಳಿಸೆಂದು ತನ್ನ ಗುರುವನ್ನು ಕೇಳಿಕೊಳ್ಳುತ್ತಿದ್ದಾನೆ. ಉತ್ತಮ ಪುರುಷದಲ್ಲಿರುವ ಆ ಮಾತನ್ನು ಮಧ್ಯಮ ಪುರುಷಕ್ಕೆ ತಿರುಗಿಸಿ ‘ನೀನು ಕಾಡಿನ ಹೂವಾಗಿರು’ ಎಂದ ಕೂಡಲೇ ಅರ್ಥ ಬೇರೆಯಾಗುತ್ತದೆ. ವಿನಯ ನಾನು ನನಗೆ ಹಾಕಿಕೊಳ್ಳಬಹುದಾದ ನಿಯಮ. ಅದನ್ನು ಇನ್ನೊಬ್ಬರ ಮೇಲೆ ಹೇರಿದರೆ ಅದು ಸಂಬಳ ಕಡಿತಕ್ಕೆ ಸಿಗುವ ಒಳ್ಳೆಯ ಹೆಸರಾಗುತ್ತದೆ. ಅಮ್ಮನನ್ನು ‘ತ್ಯಾಗಮಯಿ’ ಎಂದು ಹಾಡಿ ಹೊಗಳಿ ಪಾತ್ರೆಯನ್ನು ಅವಳಿಗೇ ಬಿಡುವ ಮನೆಗಳಲ್ಲಿ ನಡೆಯುವುದೂ ಇದೇ.

ಹಾಗಾದರೆ ಬೇಸ್ ನುಡಿಸುವವನು ಚಪ್ಪಾಳೆ ಕೇಳಬೇಕೇ? ಉತ್ತರ ಅಷ್ಟು ಸಲೀಸಲ್ಲ. ಮರೆಯಲ್ಲಿರುವುದಕ್ಕೆ ಇನ್ನೊಂದು ಮುಖವಿದೆ. ಮರೆಯಲ್ಲಿರುವವನಿಗೆ ಹೊಗಳಿಕೆ ತಪ್ಪುವಂತೆ ತೆಗಳಿಕೆಯೂ ತಪ್ಪುತ್ತದೆ. ಬೇಸಿನವನು ಮೂಲಸ್ವರ ತಪ್ಪಿ ನುಡಿಸಿದರೆ ಜನಕ್ಕೆ ‘ಬೇಸ್ ತಪ್ಪಿತು’ ಅನ್ನಿಸುವುದಿಲ್ಲ. ‘ಹಾಡಿದವಳು ಯಾಕೋ ಸರಿಯಿಲ್ಲ’ ಅನ್ನಿಸುತ್ತದೆ. ತಪ್ಪು ಒಬ್ಬನದು, ಬಿಸಿ ಇನ್ನೊಬ್ಬಳಿಗೆ. ಪ್ಲೇಟೋನ ‘ರಿಪಬ್ಲಿಕ್’ ಗ್ರಂಥದ ಎರಡನೇ ಭಾಗದಲ್ಲಿ ಗ್ಲಾಕನ್ ಒಂದು ಉಂಗುರದ ಕಥೆ ಹೇಳುತ್ತಾನೆ. ಲಿಡಿಯಾ ದೇಶದ ಕುರುಬನೊಬ್ಬನಿಗೆ ತೊಟ್ಟವನನ್ನು ಅದೃಶ್ಯನಾಗಿಸುವ ಉಂಗುರ ಸಿಗುತ್ತದೆ. ಯಾರೂ ನೋಡುವುದಿಲ್ಲ ಎಂದು ಖಾತರಿಯಾದರೆ ನ್ಯಾಯವಂತನೂ ಅನ್ಯಾಯ ಮಾಡುವವನಂತೆಯೇ ನಡೆದುಕೊಳ್ಳುತ್ತಾನೆ ಎಂಬುದು ಗ್ಲಾಕನ್ ಒಡ್ಡುವ ಸವಾಲು. ಬೇಸ್ ಗಿಟಾರಿನವನು ವಾರಕ್ಕೊಮ್ಮೆ ಆ ಉಂಗುರ ತೊಡುತ್ತಾನೆ. ನಲವತ್ತು ಹಾಡುಗಳ ರಾತ್ರಿಯಲ್ಲಿ ಮೂವತ್ತನ್ನು ಅರೆಮನಸ್ಸಿನಲ್ಲಿ ಎಳೆದರೂ ಕೇಳುವವರಿಲ್ಲ. ಹಾಗೆ ಎಳೆಯದಿರುವುದು ಯಾರಿಗಾಗಿ? ಜನರಿಗಾಗಿ ಎಂದರೆ ಅವರಿಗೆ ಗೊತ್ತಾಗುವುದಿಲ್ಲ. ದುಡ್ಡಿಗಾಗಿ ಎಂದರೆ ಅದು ತಂತಿಯ ಖರ್ಚಿಗೂ ಸಾಲುವುದಿಲ್ಲ.

ಇದಕ್ಕೆ ಉತ್ತರ ಹುಡುಕುವಾಗ ನಮ್ಮ ಜಿಲ್ಲೆಯದೇ ಒಂದು ಊರು ನೆನಪಾಗುತ್ತದೆ. ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಂಡೆಯ ಮೇಲೆ ರುದ್ರಪಟ್ಟಣವಿದೆ. ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲಿ, 1920ರಲ್ಲಿ. ರುದ್ರಪಟ್ಟಣಂ ಸಹೋದರರ ಹೆಸರಿನಲ್ಲೇ ಊರಿದೆ. ಆ ಊರಿನವರೇ ಆದ ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಧ್ಯಾನಮಂದಿರ ಕಟ್ಟಿಸಿದ್ದಾರೆ. ತಂಬೂರಿಗೆ ಇಷ್ಟು ದೊಡ್ಡ ಗೌರವ ಇನ್ನೆಲ್ಲೂ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಆದರೆ ಕಛೇರಿಯಲ್ಲಿ ತಂಬೂರಿ ಹಿಡಿದವರು ಕೂರುವುದು ಹಿಂದೆ. ಸಾಮಾನ್ಯವಾಗಿ ಅವರು ಶಿಷ್ಯರು, ಇಲ್ಲವೇ ಮನೆಯವರು. ಆಹ್ವಾನಪತ್ರಿಕೆಯಲ್ಲಿ ಅವರ ಹೆಸರು ಹುಡುಕಿದರೂ ಸಿಗುವುದು ಅಪರೂಪ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದ ಮೇಲೆ ಎಷ್ಟೋ ವೇದಿಕೆಗಳಲ್ಲಿ ಹಿಂದಿನ ಆ ಜಾಗವೂ ಖಾಲಿಯಾಯಿತು. ಯಂತ್ರದಿಂದ ಉಪಕಾರವಾಗಿದೆ, ಒಂಟಿಯಾಗಿ ಅಭ್ಯಾಸ ಮಾಡುವ ಎಷ್ಟೋ ಮಕ್ಕಳಿಗೆ ಶ್ರುತಿ ಸಿಕ್ಕಿದೆ. ಅದು ಕೊಡುವ ಸ್ವರದಲ್ಲಿ ಕುಂದಿಲ್ಲ. ಅದಕ್ಕೆ ಕಿವಿ ಮಾತ್ರ ಇಲ್ಲ. ಚನ್ನರಾಯಪಟ್ಟಣದ ಆ ಎರಡು ಸೆಕೆಂಡಿನಲ್ಲಿ ಟ್ರ್ಯಾಕ್ ಇದ್ದಿದ್ದರೆ ಅದು ಒಂದು ಸ್ವರವನ್ನೂ ತಪ್ಪದೆ ನುಡಿಸುತ್ತ ಗಾಯಕಿಯನ್ನು ಒಂಟಿಯಾಗಿ ಬಿಟ್ಟು ಮುಂದೆ ಹೋಗುತ್ತಿತ್ತು.

ಹಿಂದೆ ಕೂತವರ ಕೆಲಸದಲ್ಲಿ ಸ್ವರ ಕೊಡುವುದು ಅರ್ಧ, ಕೇಳಿಸಿಕೊಳ್ಳುವುದು ಇನ್ನರ್ಧ. ಯಾರಿಗಾಗಿ ಸರಿಯಾಗಿ ನುಡಿಸಬೇಕು ಎಂಬುದಕ್ಕೆ ನನಗೆ ಸಿಕ್ಕ ಉತ್ತರವೂ ಇಲ್ಲೇ ಇದೆ: ನನ್ನ ಸ್ವರದ ಮೇಲೆ ಕಾಲಿಟ್ಟು ನಿಂತಿರುವವಳಿಗಾಗಿ. ಹಾಗಿದ್ದರೆ ಅವಳ ಕಡೆಯಿಂದಲೂ ಒಂದು ಋಣ ಇದ್ದೇ ಇದೆ. ಕೇಳಿಸಿಕೊಳ್ಳುವವನನ್ನು ಯಾರಾದರೂ ಕೇಳಿಸಿಕೊಳ್ಳಬೇಕು.

1960ರ ದಶಕದಲ್ಲಿ ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ ಹಾಡುಗಳು ಜಗತ್ತನ್ನು ಕುಣಿಸಿದವು. ಅವುಗಳಲ್ಲಿ ಬಹುಪಾಲಿನ ಬೇಸ್ ಜೇಮ್ಸ್ ಜೇಮರ್ಸನ್ ಎಂಬಾತನದು. ವರ್ಷಗಟ್ಟಲೆ ರೆಕಾರ್ಡಿನ ಹೊದಿಕೆಯ ಮೇಲೆ ಅವನ ಹೆಸರಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ತನ್ನ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನಲ್ಲಿ ಅವನ ಹೆಸರು ಹಾಕಿಸಿದ. ಜೇಮರ್ಸನ್ 1983ರಲ್ಲಿ ತೀರಿಕೊಂಡ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡದ್ದು 2000ದಲ್ಲಿ. ಆ ಪ್ರಶಸ್ತಿಗಿಂತ ಮಾರ್ವಿನ್ ಗೇ ಹಾಕಿಸಿದ ಒಂದು ಸಾಲು ನನಗೆ ದೊಡ್ಡದಾಗಿ ಕಾಣುತ್ತದೆ. ಅದನ್ನು ಹಾಕಿಸಿದವನು ಆ ಬೇಸಿನ ಮೇಲೆ ನಿಂತು ಹಾಡಿದವನು. ಗೌರವ ಎಂಬುದು ಪಡೆಯುವವನಿಗಿಂತ ಕೊಡುವವರನ್ನು ಹೆಚ್ಚು ಅವಲಂಬಿಸಿದೆ ಎಂದು ಅರಿಸ್ಟಾಟಲ್ ‘ನಿಕೊಮೇಕಿಯನ್ ಎಥಿಕ್ಸ್’ನಲ್ಲಿ ಅನುಮಾನಿಸುತ್ತಾನೆ, ಬಲ್ಲವರಿಂದ ಬಂದ ಗೌರವವನ್ನು ಜನ ಬಯಸುತ್ತಾರೆ ಎಂದೂ ಸೇರಿಸುತ್ತಾನೆ. ಪೆಂಡಾಲಿನ ಮುಂದೆ ಕೂತವರೆಲ್ಲ ಬೇಸನ್ನು ಬೇರ್ಪಡಿಸಿ ಕೇಳಲಿ ಎಂಬುದು ಅತಿಯಾಸೆ. ಅವರು ಹಬ್ಬಕ್ಕೆ ಬಂದಿದ್ದಾರೆ, ಕುಣಿಯಲಿ. ವೇದಿಕೆಯ ಮೇಲಿರುವವರು ಕೇಳಲಿ ಎಂಬುದು ಹಕ್ಕು. ವ್ಯವಸ್ಥಾಪಕರು ತಲೆ ಎಣಿಸುವಾಗ ‘ಅವನಿಲ್ಲದೆ ಆಗಲ್ಲ ಯಜಮಾನ್ರೇ’ ಎಂದು ಒಳಗಿನವರೊಬ್ಬರು ಹೇಳುವುದು ಆ ಹಕ್ಕಿನ ಭಾಗ. ನೀರುಗಂಟಿಯ ವಿಷಯದಲ್ಲಿ ನೀರು ಕುಡಿಯುವ ನಾವೇ ಒಳಗಿನವರು. ಅಲ್ಲಿ ಕುಣಿದು ಹೋಗಿಬಿಡುವ ವಿನಾಯಿತಿ ನಮಗಿಲ್ಲ.

ಈಗ ನಮ್ಮ ತಂಡದಲ್ಲಿ ಹೊಸ ಹಾಡು ಕಲಿಯುವಾಗ ಒಂದು ಸಲ ಬೇಸ್ ಮತ್ತು ಗಾಯನ ಎರಡನ್ನೇ ಇಟ್ಟುಕೊಂಡು ನೋಡುತ್ತೇವೆ. ಉಳಿದವರು ಸುಮ್ಮನಿರುತ್ತಾರೆ. ಕಳೆದ ತಿಂಗಳು ಹೀಗೆ ನುಡಿಸುತ್ತಿದ್ದಾಗ ಗಾಯಕಿ ಅರ್ಧಕ್ಕೆ ನಿಲ್ಲಿಸಿ ಹೇಳಿದಳು: ‘ಅಣ್ಣ, ಎರಡನೇ ಚರಣದ ಕೊನೇಲಿ ಆ ಕೆಳಗಿನ ಸ್ವರಾನೇ ಹಿಡ್ಕೊಂಡಿರಿ. ನಾನು ಅಲ್ಲಿ ಉಸಿರು ತಗೋಬೇಕು, ನಿಲ್ಲೋಕೆ ಜಾಗ ಬೇಕು.’ ಹಿಡಿದುಕೊಂಡೆ. ಚಪ್ಪಾಳೆಯಲ್ಲಿ ಇಷ್ಟು ವಿವರ ಇರುವುದಿಲ್ಲ.