ಶಸ್ತ್ರನ್ಯಾಸಾನಂತರದ ಸ್ವಧರ್ಮ

ನಲವತ್ತರ ಆಸುಪಾಸಿನಲ್ಲಿಯೇ ಸೇನೆಯಿಂದ ನಿವೃತ್ತನಾಗುವ ಯೋಧನಿಗೆ ಮುಂದೆ ಸ್ವಧರ್ಮ ಯಾವುದು? 2022ರಲ್ಲಿ ಅಗ್ನಿಪಥ ಯೋಜನೆಯು ಬಂದ ತರುವಾಯ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಿದೆ. ಯೋಜನೆಯನ್ನು ಸಾರಿದಾಗ ಗೊತ್ತುಪಡಿಸಿದಂತೆ, ನಾಲ್ಕು ವರ್ಷಗಳ ಬಳಿಕ ಸೇನೆಯಲ್ಲಿ ಉಳಿಯುವವರು ಶೇಕಡಾ 25 ಮಂದಿ. ಮಿಕ್ಕವರು ಒಂದು ಇಡುಗಂಟಿನೊಡನೆ, ಪಿಂಚಣಿಯಿಲ್ಲದೆ, ತಾರುಣ್ಯದಲ್ಲಿಯೇ ಹೊರಬರತಕ್ಕವರು.

ಗೀತೆಯ ಹದಿನೆಂಟನೆಯ ಅಧ್ಯಾಯವು ಕ್ಷತ್ರಿಯನ ಸ್ವಭಾವಜನ್ಯ ಕರ್ಮಗಳನ್ನು ಏಳಾಗಿ ಎಣಿಸುತ್ತದೆ. ಅವುಗಳಲ್ಲಿ ರಣರಂಗವನ್ನು ಹೆಸರಿಸುವುದು ಒಂದೇ, ಯುದ್ಧದಲ್ಲಿ ಬೆನ್ನು ತೋರದಿರುವುದು. ಧೃತಿ, ದಕ್ಷತೆ ಮೊದಲಾದ ಉಳಿದವುಗಳಿಗೆ ಸಮವಸ್ತ್ರದ ಅಪೇಕ್ಷೆಯಿಲ್ಲ. ಸ್ವಭಾವವು ಜೀವಸ್ವರೂಪಕ್ಕೆ ಸೇರಿದ್ದೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಹುದ್ದೆಯಾದರೋ ಬಾಹ್ಯೋಪಾಧಿ, ಅದು ಕಳಚಿದ ಮಾತ್ರಕ್ಕೆ ಯೋಗ್ಯತೆಯು ಕಳಚದು. ರೈಲ್ವೆಯಲ್ಲಿ ಲೆವೆಲ್ ಕ್ರಾಸಿಂಗ್ ಗೇಟುಗಳಿಗೆ ಮಾಜಿ ಸೈನಿಕರನ್ನು ನೇಮಿಸುವುದುಂಟು. ವಾಹನಗಳವರು ಎಷ್ಟೇ ಹಾರನ್ ಬಾರಿಸಲಿ, ಬೈಯಲಿ (ಬೈಗುಳಕ್ಕೆ ಮುಂಬಯಿಯಲ್ಲಿ ಕೊರತೆಯಿಲ್ಲ), ಗಾಡಿ ಹೋಗುವವರೆಗೆ ಗೇಟು ತೆರೆಯದೆ ನಿಲ್ಲುವುದು ಸಣ್ಣ ಧೃತಿಯಲ್ಲ.

ಆದರೆ ಎಲ್ಲರನ್ನೂ ಗೇಟಿನಲ್ಲಿಯೇ ನಿಲ್ಲಿಸುವುದು ನ್ಯಾಯವೆ? ಸಿಗ್ನಲ್ ದಳದಲ್ಲಿ ಯಂತ್ರಗಳನ್ನು ದುರಸ್ತಿ ಮಾಡಿದವನು, ಯುದ್ಧನೌಕೆಯ ಇಂಜಿನ್ ಕೋಣೆಯಲ್ಲಿ ಹದಿನೈದು ವರ್ಷ ದುಡಿದ ನಾವಿಕ, ಸೇನಾ ಆಸ್ಪತ್ರೆಯ ಶುಶ್ರೂಷಕ, ಇವರೆಲ್ಲರೂ ನಮ್ಮ ಕಣ್ಣಿಗೆ ಒಂದೇ: 'ವಾಚ್‌ಮನ್'. ಅಜ್ಞಾತವಾಸದಲ್ಲಿ ಭೀಮಸೇನದೇವರು ಪಾಕಶಾಲೆಯಲ್ಲಿದ್ದರು, ನಕುಲನು ಅಶ್ವಶಾಲೆಯಲ್ಲಿ, ಸಹದೇವನು ಗೋಶಾಲೆಯಲ್ಲಿ. ವಿರಾಟನು ಅವರವರ ವಿದ್ಯೆಯನ್ನು ವಿಚಾರಿಸಿಯೇ ನಿಯೋಜಿಸಿದನು. ನಮ್ಮ ಸೊಸೈಟಿಗಳ ಕಾರ್ಯದರ್ಶಿಗಳು ಅಷ್ಟನ್ನೂ ಕೇಳುವುದಿಲ್ಲ. ಆ ವಿರಾಟನೂ ಕಡೆಗೆ ಎಡವಿದನು. ನಾಟ್ಯಾಚಾರ್ಯೆ ಬೃಹನ್ನಳೆಯಿಂದ ಜಯವಾಯಿತೆಂಬ ಮಾತನ್ನು ಸಹಿಸದೆ ಧರ್ಮರಾಜನ ಮುಖಕ್ಕೆ ದಾಳವೆಸೆದನು. ಹೊಟ್ಟೆಪಾಡಿನ ವೇಷವನ್ನೇ ಮನುಷ್ಯನೆಂದು ತಿಳಿದುದರ ಫಲವದು.

ಸರಕಾರವು ಪಿಂಚಣಿ ಕೊಡುತ್ತದೆ, ಮೀಸಲಾತಿಯಿದೆ, ನಮ್ಮ ಪಾಲಿನದೇನು ಎಂಬ ಆಕ್ಷೇಪವುಂಟು. ಸಭಾಪರ್ವದಲ್ಲಿ ನಾರದರು ಯುಧಿಷ್ಠಿರನನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು, ನಿನಗಾಗಿ ಮಡಿದವರ, ಸಂಕಟಕ್ಕೀಡಾದವರ ಪತ್ನಿಯರನ್ನು ಪೋಷಿಸುತ್ತಿರುವೆಯಾ ಎಂಬುದು. ಪ್ರಜೆಗಳೇ ಪ್ರಭುಗಳಾದ ಕಾಲದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು. ಮೇಲಾಗಿ ಇದು ದಾನವಲ್ಲ, ಋಣ. ದಾನದಲ್ಲಿ ಪಾತ್ರಾಪಾತ್ರ ವಿಚಾರಕ್ಕೆ ಎಡೆಯುಂಟು. ಸಾಲವನ್ನು ಹಿಂದಿರುಗಿಸುವಾಗ ಆ ವಿಚಾರಕ್ಕೆ ಎಡೆಯಿಲ್ಲ. ಕೊಡಗಿನ ಕಾರಿಯಪ್ಪನವರು 1953ರಲ್ಲಿ ನಿವೃತ್ತರಾದ ಮೇಲೂ ಮಾಜಿ ಸೈನಿಕರ ಹಿತಕ್ಕಾಗಿ ಶ್ರಮಿಸಿದುದು ಈ ಭಾವದಿಂದಲೇ.

ನಮ್ಮ ಭಕ್ತರಲ್ಲಿ ಹೋಟೆಲು, ಕಾರ್ಖಾನೆ, ಕಚೇರಿಗಳನ್ನು ನಡೆಸುವವರಿದ್ದಾರೆ. ಲೆಕ್ಕ, ಉಗ್ರಾಣ, ಯಂತ್ರಗಳ ಕೆಲಸಕ್ಕೆ ಜನ ಬೇಕಾದಾಗ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಒಂದು ಪತ್ರ ಬರೆಯಬಹುದು. ಬಂದವನನ್ನು, ಅಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಬಹುವಚನದಲ್ಲಿ ಕೇಳಬಹುದು.

॥ ಶ್ರೀಕೃಷ್ಣಾರ್ಪಣಮಸ್ತು ॥