ಬೌಲಿಂಗ್ ಅಜ್ಜಿಯರೂ ಗೇಮ್ ಕಂಪನಿಗಳೂ

ಅಮೆರಿಕದ ವೃದ್ಧಾಶ್ರಮಗಳಲ್ಲಿ ಒಂದು ಕಾಲಕ್ಕೆ ನಿಂಟೆಂಡೊ ವೀ ಕನ್ಸೋಲ್ ಮೇಲೆ ಬೌಲಿಂಗ್ ಪಂದ್ಯಗಳು ನಡೆಯುತ್ತಿದ್ದವು. ರಿಮೋಟಿನ ಅಡಿಯ ಬಟನ್ ಒತ್ತಿ ಹಿಡಿದು, ತೋಳು ಹಿಂದಕ್ಕೊಯ್ದು ಬೀಸಿ, ತಕ್ಕ ಗಳಿಗೆಯಲ್ಲಿ ಬಟನ್ ಬಿಟ್ಟರೆ ಟಿವಿಯೊಳಗಿನ ಚೆಂಡು ಉರುಳುತ್ತದೆ. ಬಿಡುವಾಗ ಮಣಿಕಟ್ಟು ತುಸು ತಿರುಗಿಸಿದರೆ ಬಾಗಿಕೊಂಡು ಹೋಗುತ್ತದೆ. ಆ ತಿರುವು ಕೈಗೆ ಹತ್ತುವ ತನಕ ಬಿಡದೆ ಅಭ್ಯಾಸ ಮಾಡುವ ಅಜ್ಜಿ ಗೇಮ್ ಉದ್ಯಮದ ಲೆಕ್ಕದಲ್ಲಿ 'ಕ್ಯಾಶುವಲ್'. ಹೊಸ ಶೂಟಿಂಗ್ ಗೇಮ್ ಕೊಂಡು ಒಂದೇ ವಾರಾಂತ್ಯದಲ್ಲಿ ಮುಗಿಸಿ ಮೂಲೆಗೆಸೆಯುವ ಹುಡುಗ 'ಹಾರ್ಡ್‌ಕೋರ್'.

ಅಂದರೆ ಈ ವಿಂಗಡಣೆ ಅಳೆಯುವುದು ಶ್ರದ್ಧೆಯನ್ನಲ್ಲ, ಯಾರು ಯಾವ ಸರಕು ಕೊಳ್ಳುತ್ತಾರೆ ಎಂಬುದನ್ನು. ವ್ಯಾಪಾರಿಗೆ ಅಷ್ಟು ಸಾಕು, ನಿಜ. ತೊಂದರೆ ಶುರುವಾಗುವುದು ಸರಕಿನ ಗುಣವನ್ನು ಮನುಷ್ಯರ ಸ್ವಭಾವವೆಂದು ನಂಬಿದಾಗ.

2006ರಲ್ಲಿ ಬಂದ ವೀ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಆದರೂ ನಿಂಟೆಂಡೊ ಅಲ್ಲದ ಬೇರೆ ಕಂಪನಿಗಳ ದೊಡ್ಡ ಗೇಮ್‌ಗಳು ಬಹುಪಾಲು ಅದರತ್ತ ಸುಳಿಯಲಿಲ್ಲ. ಇದಕ್ಕೆ ತಾಂತ್ರಿಕ ಕಾರಣವಿತ್ತು, ಅದನ್ನು ತಳ್ಳಿಹಾಕಲಾಗದು: ವೀ ಒಳಗಿದ್ದದ್ದು ಹೆಚ್ಚುಕಡಿಮೆ ನಿಂಟೆಂಡೊದ್ದೇ ಹಳೆಯ ಕನ್ಸೋಲ್ ಗೇಮ್‌ಕ್ಯೂಬ್, ಎಚ್‌ಡಿ ಚಿತ್ರವೇ ಇಲ್ಲ. ಪ್ರತಿಸ್ಪರ್ಧಿ ಕನ್ಸೋಲ್‌ಗಳಾದ ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360ಕ್ಕೆ ಕಟ್ಟಿದ ಗೇಮನ್ನು ಅದಕ್ಕೆ ತರುವುದೆಂದರೆ ಬಹುತೇಕ ಮತ್ತೆ ಕಟ್ಟಿದ ಹಾಗೆ. ಆದರೆ ಕಂಪನಿಗಳಿಗೆ ಅದಕ್ಕಿಂತ ಸಲೀಸಾದ ಇನ್ನೊಂದು ನೆಪವೂ ಸಿಕ್ಕಿತ್ತು: ವೀ ಮಂದಿ ಗಂಭೀರ ಗೇಮ್ ಕೊಳ್ಳುವವರಲ್ಲ.

ಪರೀಕ್ಷಿಸಿ ನೋಡೋಣ. 2008ರ ರಕ್ತಸಿಕ್ತ ಭಯಾನಕ ಗೇಮ್ 'ಡೆಡ್ ಸ್ಪೇಸ್' ಉಳಿದ ಕನ್ಸೋಲ್‌ಗಳಿಗೆ ಪೂರ್ತಿಯಾಗಿ ಬಂತು. ಮರುವರ್ಷ ವೀಗೆ ಸಿಕ್ಕಿದ್ದು, ತಾನೇ ಸಾಗುವ ಕ್ಯಾಮೆರಾದ ಹಿಂದೆ ಕೂತು ಗುರಿಯಿಟ್ಟು ಹೊಡೆಯುವ ಒಂದು ಉಪಕಥೆ. ಅದು ಸೋತಿತು. ಅಂಥದ್ದೇ ಇನ್ನೊಂದು ಗೇಮ್ 'ರೆಸಿಡೆಂಟ್ ಈವಿಲ್ 4' ಮೂಲದಲ್ಲಿ 2005ರದು. ಅದರ ಕಂಪನಿ ಕ್ಯಾಪ್‌ಕಾಮ್ 2007ರಲ್ಲಿ ಅದನ್ನು ಇಡಿಯಾಗಿ, ರಿಮೋಟಿನಿಂದಲೇ ಗುರಿಯಿಡುವಂತೆ ತಿದ್ದಿ ವೀಗೆ ತಂದಿತು. ಎರಡು ವರ್ಷ ಹಳೆಯದಾದರೂ 10 ಲಕ್ಷದ ಗಡಿ ದಾಟಿತು. ಕನ್ಸೋಲ್ ಅದೇ, ರಕ್ತಪಾತವೂ ಅದೇ. ಎರಡೇ ಉದಾಹರಣೆಯಿಂದ ಸಿದ್ಧಾಂತ ಹುಟ್ಟದು, ಆದರೆ 'ಕೊಳ್ಳುವವರಲ್ಲ' ಎಂಬ ಮಾತು ಮುರಿಯಲು ಒಂದೇ ಸಾಕು.

ತತ್ತ್ವಜ್ಞಾನಿ ಇಯಾನ್ ಹ್ಯಾಕಿಂಗ್, ಜನರನ್ನು ವರ್ಗೀಕರಿಸಿದರೆ ಆ ವರ್ಗೀಕರಣ ಅವರನ್ನೇ ಬದಲಿಸುತ್ತದೆ ಎನ್ನುತ್ತಿದ್ದ. ಇಲ್ಲೂ ಹಾಗೇ ಆಯಿತು. ಕಂಪನಿಗಳು ಅರೆಮನಸ್ಸಿನ ಗೇಮ್ ಕೊಟ್ಟವು. ಒಳ್ಳೆಯ ಗೇಮ್ ಬೇಕಿದ್ದವರು ಬೇರೆ ಕನ್ಸೋಲ್ ಕೊಂಡರು. ಉಳಿದವರ ಖರೀದಿ ನೋಡಿ, 'ನಾವು ಅಂದಿರಲಿಲ್ಲವೇ' ಎಂದು ಕಂಪನಿಗಳು ಅಂದವು.

2012ರ ವೀ ಯು ಹಾರ್ಡ್‌ಕೋರ್ ಮಂದಿಯನ್ನು ಮರಳಿ ಕರೆಯಲು ಹೊರಟ ನಿಂಟೆಂಡೊದ ಮುಂದಿನ ಕನ್ಸೋಲ್. ಗೇಮ್ ಕಂಪನಿ ಯೂಬಿಸಾಫ್ಟ್ ಅದಕ್ಕೆಂದೇ ಮಾಡಿದ್ದ 'ರೇಮನ್ ಲೆಜೆಂಡ್ಸ್' ಅನ್ನು ಬಿಡುಗಡೆ ಹೊಸ್ತಿಲಲ್ಲಿ ತಡೆಹಿಡಿದು, ಉಳಿದ ಕನ್ಸೋಲ್‌ಗಳ ಜತೆಗೇ 2013ರಲ್ಲಿ ಹೊರತಂದಿತು. ಕಾದು ಕೂತಿದ್ದವರು ಅಜ್ಜಿಯರಲ್ಲ, ಕಂಪನಿಗಳು ಇಷ್ಟು ದಿನ ಬೇಕೆನ್ನುತ್ತಿದ್ದ ಆ ಗಂಭೀರ ಗಿರಾಕಿಗಳೇ. ವೀ ಯು 1.35 ಕೋಟಿಯ ಆಸುಪಾಸಿಗೆ ನಿಂತಿತು. ವೀ ಬಿಟ್ಟು ಫೋನ್ ಗೇಮ್‌ಗಳಿಗೆ ಹೋದ ಜನರನ್ನು ಚಂಚಲರೆಂದು ದೂರುವ ಮುನ್ನ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅದೇ ಯೂಬಿಸಾಫ್ಟ್ 2009ರಲ್ಲಿ ವೀಗೆ 'ಜಸ್ಟ್ ಡ್ಯಾನ್ಸ್' ಕೊಟ್ಟಿತ್ತು. ವಿಮರ್ಶಕರು ಮೂಗು ಮುರಿದರು. ಕುಟುಂಬಗಳು ರಿಮೋಟ್ ಹಿಡಿದು ಕುಣಿದವು. ಗಂಭೀರ ಗೇಮರ್‌ಗಳು ಹೊಸ ಪೀಳಿಗೆಯ ಕನ್ಸೋಲ್‌ಗೆ ಹೋದ ಮೇಲೂ ವೀಗೆ ಆ ಗೇಮ್ ವರ್ಷವರ್ಷ ಬರುತ್ತಲೇ ಇತ್ತು. ಕೊನೆಯ ಡಿಸ್ಕ್ ಬಂದದ್ದು 2019ರಲ್ಲಿ.